ಕೈ ಪಳಗಿಲ್ಲ

ಹಳೆಯದರಲ್ಲಿ ಎಲ್ಲ ಸಲೀಸು:
ಎಳೆದು ಹಾಕಿದರೆ ಮದುವೆ,
ನಡುನಡುವೆ ಅರಳುವ ಕೆಂಪು ಹೃದಯ,
ಬಿಟ್ಟಿ ಸಿಕ್ಕಿದ್ದೆಂದು ಮೂಲೆಯಲ್ಲೊಂದು ಮುದ್ರೆ.
ಸುಂಟಿಕೊಪ್ಪದಲ್ಲಿ ಯಾರೂ ತಕರಾರೆತ್ತಲಿಲ್ಲ.

ಹೊಸದನ್ನು ತೆರೆದರೆ
ಬೇರೆ ಯಾರದೋ ಪರೀಕ್ಷೆಗೆ ಕೂತಂತೆ.
ಬಣ್ಣಕ್ಕೇ ನಾಲ್ಕು ಚಕ್ರ. ಕತ್ತರಿ ಎಲ್ಲಿ?
ಲ್ಯಾಪ್‌ಟಾಪಿನ ಫ್ಯಾನಿಗೆ ಏದುಸಿರು,
ಅಡಿಗೆ ಎರಡು ಕ್ಯಾಸೆಟ್ ಡಬ್ಬಿ ಕೊಟ್ಟೆ.

ಮೊದಲ ಕೆಲಸ ಬೊಳ್ಳಮ್ಮನ ಗಂಗಾಪೂಜೆ.
ತಲೆಯ ಮೇಲೆ ಬಿಂದಿಗೆ,
ಎದುರಿಗೆ ಗಂಡಿನ ಕಡೆಯವರ ಕುಣಿತ, ದಾರಿ ಬಿಡರು,
ಎರಡು ಗಂಟೆ ಹತ್ತು ನಿಮಿಷ.
ಹಿಂದೆಲ್ಲ ಇದನ್ನು ನಾಲ್ಕು ನಿಮಿಷಕ್ಕೆ ಓಡಿಸುತ್ತಿದ್ದೆ.

ಗೊತ್ತಿಲ್ಲದೆ ಯಾವುದೋ ಗುಂಡಿ ಒತ್ತಿದೆ.
ಮಾತು ಮಾತ್ರ ಉಳಿಸುವುದಂತೆ ಅದು.
ವಾಲಗ ಮುಳುಗಿತು.
ತಳದಿಂದ ಮೇಲೆದ್ದಿತು
ಪಕ್ಕದವಳಿಗೆ ಅವಳಂದ ಪಿಸುಮಾತು:
“ಇವರ ಕಾಲು ಸೋಲಲಿ ಮೊದಲು.
ನಾನಂತೂ ಇಳಿಸಲ್ಲ.”

ಹನ್ನೊಂದು ಸಲ ಕೇಳಿದೆ.
ನಾನು ಓಡಿಸಿಬಿಟ್ಟ
ಅರವತ್ತು ಮದುವಣಗಿತ್ತಿಯರು ಏನೇನಂದಿದ್ದರೋ.
ಆ ಕಡತಗಳು ಹೊಸದರಲ್ಲಿ ತೆರೆಯುವುದಿಲ್ಲ.

ಆರು ಸೆಕೆಂಡು
ವಾಲಗ ತಗ್ಗಿಸಿ ಹಾಗೇ ಬಿಟ್ಟಿದ್ದೇನೆ.
ಅವಳ ಅತ್ತೆ ಮನೆಯವರು ಕೇಳಿದರೆ
ಸಾಫ್ಟ್‌ವೇರ್ ಹೊಸದು, ಇನ್ನೂ ಕೈ ಪಳಗಿಲ್ಲ
ಎಂದುಬಿಡುವೆ.