ಒಂದೇ ಉದ್ದದ ಗೆರೆ

ಹೊಸೂರು ರಸ್ತೆಯ ಆಸ್ಪತ್ರೆ. ವನಮಾಲಳಿಗೆ ಟೋಕನ್ ನಲವತ್ತೊಂದು,
ನನಗೆ ನಲವತ್ತೆರಡು.
ಅಪ್ಪನ ಹೆಣದ ಮುಂದೆಯೂ ಒಟ್ಟಿಗೆ ಕೂರದವರು
ಇವತ್ತು ಒಂದೇ ಸ್ಟೀಲ್ ಬೆಂಚಿನ ಮೇಲೆ:
ಗುಟ್ಟಹಳ್ಳಿ ಮನೆಯವಳು, ಕಲಾಸಿಪಾಳ್ಯದ ಮನೆಯವಳು.

ಸೈಕಲ್ ಅಂಗಡಿಯ ರೇವಣ್ಣ, ನಮ್ಮಪ್ಪ,
ಟ್ಯೂಬನ್ನು ಬೋಗುಣಿಯ ನೀರಿಗದ್ದಿ ಗುಳ್ಳೆ ಹುಡುಕುತ್ತಿದ್ದ.
ಐವತ್ತೆರಡಕ್ಕೆ ಮಾತು ತೊದಲಿತು,
ಐವತ್ತೈದಕ್ಕೆ ನಮ್ಮಿಬ್ಬರ ಹೆಸರು ಅದಲುಬದಲು.
ಕುಡಿತ, ಅಂದರು ನಮ್ಮನೆಯಲ್ಲಿ.
ಅವರ ಮನೆಯಲ್ಲಿ, ಮಾಟ. ಮಾಡಿಸಿದವಳು ನನ್ನಮ್ಮ.

ಡಾಕ್ಟರ್ ಎಳೇ ಹುಡುಗಿ. ಪರದೆಯಲ್ಲಿ ಎರಡು ಮಿದುಳು:
ವನಮಾಲಳದರಲ್ಲಿ ಸುಣ್ಣ ಚೆಲ್ಲಿದ ಹಾಗೆ ಬಿಳಿ ಮಚ್ಚೆ,
ನನ್ನದರಲ್ಲಿ ಅಲ್ಲೊಂದು ಇಲ್ಲೊಂದು.
"ಕೂದಲೆಳೆ ರಕ್ತನಾಳದ ದೋಷ ಇಬ್ಬರಿಗೂ ಅಪ್ಪನದೇ.
ಆದರೆ ಜೀವಕೋಶದೊಳಗೆ ಪುಟ್ಟ ಪುಟ್ಟ ಒಲೆಗಳಿವೆ,
ಅವುಗಳ ಬರಹ ತಾಯಿಯಿಂದ ಮಾತ್ರ ಬರುತ್ತೆ.
ಅಲ್ಲೂ ಅಕ್ಷರ ಬದಲಾಗಿವೆ, ನಿಮ್ಮಿಬ್ಬರಲ್ಲಿ ಬೇರೆ ಬೇರೆ.
ಅದೇ ಕಾರಣವೋ, ಬೆಂಕಿ ಬಿದ್ದ ಮೇಲಿನ ಮಸಿಯೋ,
ಗೊತ್ತಿಲ್ಲ. ಅದಕ್ಕೇ ರಕ್ತ ಕೇಳ್ತಿರೋದು."

ವನಮಾಲ ಬಾಯಿಯ ಎಡತುದಿಯಲ್ಲೇ ನಕ್ಕಳು:
"ಗಂಡನ್ನೂ ಕಿತ್ಕೊಂಡ್ಳು ನಿಮ್ಮಮ್ಮ, ಒಳ್ಳೇ ಒಲೇನೂ ಅವಳ್ದೇ."
ನನಗೆ ಸಿಟ್ಟು ಬರಬೇಕಿತ್ತು.

ಡಾಕ್ಟರ್ ಹಾಳೆ ಎಳೆದುಕೊಂಡು ವಂಶದ ನಕ್ಷೆ ಬರೆದಳು.
ನಡುವೆ ಅಪ್ಪ, ಕಪ್ಪು ತುಂಬಿದ ಚೌಕ, ಮೇಲೊಂದು ಓರೆ ಗೀಟು.
ಆಚೆಗೊಂದು ಸೊನ್ನೆ, ಈಚೆಗೊಂದು ಸೊನ್ನೆ.
ರೇಷನ್ ಕಾರ್ಡಿನಲ್ಲಿ, ತಿಥಿಯ ಕಾರ್ಡಿನಲ್ಲಿ,
ಎಲ್ಲೂ ಇರದ ನನ್ನಮ್ಮನಿಗೆ
ಅದೇ ಉದ್ದದ ಗೆರೆ.

"ತಾಯಿಯ ಹೆಸರು?"
ನನ್ನ ಗಂಟಲು ಕಟ್ಟಿತ್ತು.
ವನಮಾಲ ಹೇಳಿದಳು, ತೊದಲುತ್ತಾ,
ಎರಡನ್ನೂ.