ರಾಡ್ ಒಣಗಿಸೂದು

ಮೊದಲ ತುಕ್ಕು ತಗಿ, ಕಸ್ತೂರೆವ್ವಾ.
ಬಣ್ಣದ ಮ್ಯಾಲೆ ಬೆಸುಗಿ ಕೂಡೂದಿಲ್ಲ,
ಹಸಿ ಮೆಣಸಿನಕಾಯಿಗೆ ನೀರಹಿಟ್ಟು ಹತ್ತಲಾರದಂಗ.
ಉಜ್ಜು. ಇನ್ನೂ ಉಜ್ಜು.
ಈ ವಾಸ್ಕೋದ ಗಾಳಿ ಉಪ್ಪಿನ ಗಾಳಿ,
ಮುಂಜಾನೆ ಬೆಳ್ಳಗ ಮಾಡಿದ್ದು ಸಂಜಿಗೆ ಕೆಂಪಾಗತೈತಿ.
ಅದಕ್ಕ ಉಜ್ಜಿದ ಕೂಡಲೆ ಕೆಲಸ ಹಿಡಿ,
ಚಾ ಆಮ್ಯಾಲೆ.

ನಾನೇ ಹಚ್ಚಿ ಕೊಡತಿದ್ದೆ, ಅರ್ಧಾ ತಾಸಿನ ಕೆಲಸ.
ಝುವಾರಿನಗರದ ಏರಿನಾಗ ನಿನ್ನ ಗಾಡಿ
ಮೊಣಕಾಲೂರಿ, ಹಿಟ್ಟೆಲ್ಲಾ ಗಟಾರಕ್ಕ ಹೋದ ದಿನ
ನೀನೇ ಅಂದಿ:
"ವರ್ಷಕ್ಕ ಮೂರು ಸಲ ಮುರೀತೈತಿ ಇದು.
ಮೂರು ಸಲ ನಿನ್ನ ಅಂಗಡಿ ಮುಂದ
ಕುಂದರಬೇಕೇನು ಮಾವ?"

ಹಂಗಾರ ಕೇಳು.
ಈ ಸೀರಿ ಬ್ಯಾಡ. ಕಿಡಿ ಬಿದ್ದರ ಕರಗಿ ಮೈಗೆ ಅಂಟತೈತಿ.
ಖಾದಿ ಅಂಗಿ ತೊಡು, ತೋಳು ಮುಂಗೈತನಕ.
ಚಪ್ಪಲೀನೂ ಬ್ಯಾಡ, ನನ್ನ ಬೂಟು ಹಾಕ್ಕೊ,
ದೊಡ್ಡವಾದರ ತುದಿಗೆ ಪೇಪರ್ ತುರುಕು.
ಸಿಲಿಂಡರ್ ದೂರ ಇಟ್ಟೀ?
ಇಟ್ಟೀನಿ ಅಂದರ ಸಾಲೂದಿಲ್ಲ.
ರಸ್ತಾ ದಾಟಿಸು. ಎಣ್ಣಿ ಡಬ್ಬೀನೂ.

ಕರೇ ಕನ್ನಡಿ ಇಲ್ಲದ ನೋಡಬ್ಯಾಡ, ಕದ್ದೂ ನೋಡಬ್ಯಾಡ.
ಬೈನಾದಾಗ ಕಲಿಯೂಮುಂದ ನಾ ನೋಡೀನಿ,
ಚೆಂದ ಕಾಣತಿತ್ತು, ಸಣ್ಣ ಸೂರ್ಯ.
ರಾತ್ರಿ ಕಣ್ಣಾಗ ಯಾರೋ ಸಮುದ್ರದ ಉಸುಕು ಸುರುವಿಧಂಗ.
ಒಂದಲ್ಲ, ಹತ್ತಾರು ಸಲ. ಹುಡುಗಬುದ್ಧಿ.

ಅರ್ಥಿಂಗ್ ಕ್ಲಿಪ್ಪು ಗಾಡಿಗೇ ಕಚ್ಚಿಸು.
ಮೊದಲ ಗೆರಿ ಅಲ್ಲ, ಚುಕ್ಕಿ.
ಆ ತುದಿಗೊಂದು, ಈ ತುದಿಗೊಂದು.
ಒಂದೇ ಕಡೆಯಿಂದ ಎಳಕೊಂಡು ಹೋದರ
ಆರುವಾಗ ಪಟ್ಟಿ ತನ್ನ ಕಡೆ ಜಗ್ಗತೈತಿ,
ಸಿಟ್ಟು ಇಳಿಯೂಮುಂದ ಮನಿಶಾ ಸೊಟ್ಟಾಗೂದಿಲ್ಲೇನು, ಹಂಗ.

ಈಗ ಕಡ್ಡಿ ಗೀರಿಧಂಗ ಗೀರು.
ಅಂಟಿತಾ? ತಿರುವಿ ಕಿತ್ತು.
ಮತ್ತ ಅಂಟಿತಾ? ಮತ್ತ ಕಿತ್ತು.
ಏ ಪಂಕ್ಚರ್ ಹುಡುಗಾ, ನಗಬ್ಯಾಡಲೇ.

ತಡಿ, ನಾ ಒಂದು ಗೆರಿ ಎಳೆದು ತೋರಸ್ತೀನಿ.
ನೋಡಬ್ಯಾಡ, ಬರೇ ಕೇಳು.
ಬರೋಬರಿ ನಡೆದರ ಅದರ ಸದ್ದು...

"ಗೊತ್ತೈತಿ," ಅಂದಿ. "ಎಣ್ಣಿಗೆ ಬಜ್ಜಿ ಬಿಟ್ಟಂಗ."
ಆಮ್ಯಾಲೆ ತುಸು ಹೊತ್ತು ಬಿಟ್ಟು,
"ಆದರ ಮಾವ, ನಿನ್ನ ಎಣ್ಣಿ ಕಾದಿಲ್ಲ."

ಮುಖವಾಡ ಎತ್ತಿದೆ.
ಮಷೀನಿನ ಮುಳ್ಳು ಎಲ್ಲೈತಿ ನೋಡು ಅಂದೆ.
ಎಪ್ಪತ್ತು, ಅಂದಿ.
ನೂರಾ ಹತ್ತಕ್ಕ ಇಟ್ಟೀನಿ ಅಂತ ತಿಳಿದಿದ್ದೆ ನಾನು.

ಎರಡು ವರ್ಷಾತು ಮುಳ್ಳು ಮಂಜಾಗಿ.
ಕೈ ನೆನಪಿನ ಮ್ಯಾಲೆ ತಿರುವತೈತಿ,
ಗಿರಾಕಿಗೆ ಗೊತ್ತಾಗಿಲ್ಲ. ಮನ್ಯಾಗೂ ಹೇಳಿಲ್ಲ.
ನೀ ಏನೂ ಕೇಳಲಿಲ್ಲ.
ಎದ್ದು ಮುಳ್ಳು ತಿರುವಿ ಬಂದಿ, ಒಲಿ ದೊಡ್ಡದು ಮಾಡಿಧಂಗ.

ಇನ್ನ ನಿನ್ನ ಗೆರಿ.
ಕರೇ ಪೊರಿ ಸುತ್ತಿಗೀಲೆ ಬಡಿ, ಕನ್ನಡಕ ತಗೀಬ್ಯಾಡ,
ಅದು ಹಾರಿ ಕಣ್ಣೇ ಹುಡುಕತೈತಿ.
ಹ್ಞಾಂ. ಕೋಳಿ ಕೆದರಿದ ತಿಪ್ಪಿ ಹಂಗೈತಿ.
ಇರಲಿ. ಚೆಂದ ಆಮ್ಯಾಲೆ ಬರತೈತಿ, ಮೊದಲ ತಳಕ್ಕ ಇಳೀಬೇಕು.
ತಗೋ ದೊಡ್ಡ ಸುತ್ತಿಗಿ, ಹೊಡಿ.
ಕೈ ಹಿಡೀಬ್ಯಾಡ, ನಿನ್ನದೇ ಕೆಲಸ ಅಂತ ಮರುಗಬ್ಯಾಡ.
ಮುರಿದರ ಇಲ್ಲೇ ಮುರೀಲಿ,
ಏರಿನಾಗ ಬ್ಯಾಡ.

ಮುರೀಲಿಲ್ಲ.

ಕೂಲಿ ಕೊಡಾಕ ಬಂದಿ. ಬ್ಯಾಡ ಅಂದೆ.
ಜೂನ್ ಬಂತು, ಅಂಗಡಿ ತಗಡು ಸೋರತೈತಿ,
ರಾಡ್ ತ್ಯಾವ ಕುಡಿದರ ಬೆಸುಗಿ ತೂತು ತೂತು.
ನಿನ್ನ ಒಲಿ ಆರೂಮುಂದ ಇವಕ್ಕೊಂದಿಷ್ಟು ಜಾಗ ಕೊಡು, ಅಂದೆ.

ರಾತ್ರಿ ಒಂಬತ್ತು. ಕಡೀ ಘಾಣ ಇಳಿಸಿ,
ಬಿಸಿ ತವಾದ ಮ್ಯಾಲೆ ನನ್ನ ರಾಡ್ ಹರವಿದ್ದಿ,
ಒಂದೊಂದ ಹೊರಳಸಿಕೋತ.
ಬಂದರದ ಹಮಾಲನೊಬ್ಬ ಛತ್ರಿ ಮಡಚಿ ಬಗ್ಗಿ ನೋಡಿದ:
"ಇದೇನವಾ, ಹೊಸಾ ಐಟಮ್ಮು?"

"ಇನ್ನೂ ಬೆಂದಿಲ್ಲ," ಅಂದಿ.
"ನಾಳೆ ಬಾ."