ಮೂರು ನೂಲು

ಅರಸೀಕೆರೆಯಲ್ಲಿ, ಗೂಡ್ಸು ಶೆಡ್ಡಿನ ಹಿಂದೆ,
ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ನನ್ನ ಕರೆಸಿದ್ದರು.
ಹನ್ನೊಂದು ಬಾಗಿಲು, ಆರು ಕಿಟಕಿ,
ಎಲ್ಲಕ್ಕೂ ಸೇರಿ ಎರಡು ದಿನದ ಕೂಲಿ.
ವಾರ್ಡನ್ ದಾಕ್ಷಾಯಿಣಿ ಮೇಡಮ್ಮು ಚೀಟಿ ಓದಿದರು:
ಇದು ನೆಲ ಕೆರೆಯುತ್ತೆ, ಇದು ಜೋತಿದೆ,
ಇದು ಮುಚ್ಚಿದರೂ ತಾನೇ ತೆರೆದುಕೊಳ್ಳುತ್ತೆ,
ಆಮೇಲೆ ಬಚ್ಚಲಿಂದು (ಇಲ್ಲಿ ದನಿ ತಗ್ಗಿತು)
ಚಿಲಕ ಬೀಳಲ್ಲ.

ಯಾವಾಗಿನಿಂದ?
ಕಟ್ಟಿದಾಗಿನಿಂದ.

ಸುಲಭದ್ದು ಮೊದಲು.
ಕಿಟಕಿಗೂ ಗೋಡೆಗೂ ನಡುವೆ ಬೆರಳು ತೂರುವ ಸಂದು,
ಸಂದಿಗೆ ಸಿಮೆಂಟು ಚೀಲದ ಚಿಂದಿ, ಕ್ಯಾಲೆಂಡರು ಹಾಳೆ.
ಎಳೆದರೆ ಬಂತು ಹೊರಗೆ
ಯಾವುದೋ ವರ್ಷದ ಇಡೀ ಶ್ರಾವಣ.
ಬಾಗಿಲುಗಳ ಕತೆ ಬೇರೆ.
ಕೀಲಿನ ಸ್ಕ್ರೂಗಳನ್ನು ಯಾರೋ ಪುಣ್ಯಾತ್ಮ
ಸುತ್ತಿಗೆಯಲ್ಲಿ ಬಡಿದು ಕೂರಿಸಿದ್ದ.
ಮೌನೇಶಾಚಾರ್ ಇದ್ದಿದ್ದರೆ ಅವನ ಕಿವಿ ಹಿಂಡುತ್ತಿದ್ದ:
ಸ್ಕ್ರೂ ಅಂದರೆ ಮೊಳೆ ಅಲ್ಲ ಕಣೋ,
ಅದಕ್ಕೆ ಸುತ್ತು ಬೇಕು,
ನಿನಗೆ ಪುರುಸೊತ್ತು ಬೇಕು.
ಸಡಿಲ ತೂತಿಗೆ ಬೆಂಕಿಕಡ್ಡಿ, ಫೆವಿಕಾಲಿನಲ್ಲಿ ಅದ್ದಿ,
ತುರುಕಿ, ಮುರಿದು, ಒಣಗಲು ಬಿಟ್ಟೆ.

ಬಚ್ಚಲ ಬಾಗಿಲ ಮುಂದೆ ಕೂತಾಗ ಕಂಡದ್ದು:
ಚಿಲಕದ ತೂತಿನ ಕೆಳಗೆ ಮರವೆಲ್ಲ ಗುಳಿ ಗುಳಿ.
ಎಷ್ಟು ಸಾರಿ ತಡಕಿತ್ತೋ ಆ ಕಬ್ಬಿಣ,
ಎಷ್ಟು ಕೈ ಒತ್ತಿದ್ದವೋ.
ಹೊರಮೈಯಲ್ಲಿ ಹಸಿರು ಬಣ್ಣ ಹೆಗಲೆತ್ತರಕ್ಕೆ ಸವೆದು
ಅದರ ಮೇಲೆ ತಲೆಯೆಣ್ಣೆಯ ಜಿಡ್ಡು.
ಇದೇನು ಅಂದೆ.
ಒಬ್ಬಳು ಮೀಯುವಾಗ ಇನ್ನೊಬ್ಬಳು
ಬಾಗಿಲಿಗೆ ಒರಗಿ ನಿಲ್ಲೋದು ಅಂಕಲ್, ಅಂದರು.
ಅದಕ್ಕೊಂದು ಮಾತೂ ಮಾಡಿಕೊಂಡಿದ್ದರು:
'ಇವತ್ತು ನಂಗೆ ಯಾರೇ ಬೆನ್ನು ಕೊಡ್ತೀರ?'

ಗುಂಡು ಇಳಿಬಿಟ್ಟೆ.
ಅಷ್ಟರಲ್ಲಿ ಗೂಡ್ಸು ಗಾಡಿ. ನೆಲ ನಡುಗಿತು,
ಗುಂಡು ಉಯ್ಯಾಲೆಯಾಡಿತು.
ಡಬ್ಬಿ ಎಣಿಸಿದ್ದು ಹುಡುಗಿಯರು; ಐವತ್ತೆಂಟಂತೆ,
ಐವತ್ತೇಳು ಅಂತ ಒಬ್ಬಳ ಜಗಳ.
ಕಡೆಯ ಡಬ್ಬಿ ತಿಪಟೂರಿನ ಕಡೆ ಸರಿದ ಮೇಲೂ
ದಾರಕ್ಕೆ ಸಮಾಧಾನವಾಗಲು ಹೊತ್ತು ಹಿಡಿಯಿತು.
ಆದಾಗ ಹೇಳಿತು:
ಕೀಲಿನ ಪಕ್ಕದ ನಿಲುವು ವಾಲಿದೆ, ಮೂರು ನೂಲು.
ಇಂಚಿಗೆ ಎಂಟು ನೂಲು, ಅದರಲ್ಲಿ ಮೂರು.
ಒಂದು ಬೀಡಿಯ ದಪ್ಪವಿಲ್ಲ.
ಅಷ್ಟಕ್ಕೆ ಇಷ್ಟು ಬೆನ್ನು.

ಚಿಲಕದ ಮೂತಿ ಎಲ್ಲಿ ತಾಗುತ್ತೆ ನೋಡಬೇಕು,
ಏನಾದರೂ ಬಣ್ಣ ಕೊಡಿ ಅಂದೆ.
ತಾಂಡ್ಯದ ಸೋನಿಬಾಯಿ, ಒಂಬತ್ತನೇ ಕ್ಲಾಸು,
ಟ್ರಂಕಿನ ತಳದಿಂದ ಉಗುರುಬಣ್ಣದ ಸೀಸೆ ತಂದಳು.
ಇಟ್ಟುಕೊಳ್ಳಕೂಡದು ಅಂತ ಗೋಡೆಯ ಮೇಲೆ ನಿಯಮ.
ಮೇಡಮ್ಮು ಕಿಟಕಿಯಾಚೆ ಏನನ್ನೋ
ಬಹಳ ಗಮನವಿಟ್ಟು ನೋಡುತ್ತಿದ್ದರು.

ಚೌಕಟ್ಟನ್ನೇ ಕೀಳಲು ದುಡ್ಡಿಲ್ಲ, ಬೇಕಾಗಿಯೂ ಇಲ್ಲ.
ಮೇಲಿನ ಕೀಲಿಗೆ ಉಳಿಯಲ್ಲಿ ಒಂದು ನೂಲು ಆಳ,
ಕೆಳಗಿನ ಕೀಲಿನ ಹಿಂದೆ ರಟ್ಟಿನ ಚೂರು
(ಗಣಿತದ ನೋಟ್ಸಿಂದು, ಸಂತೋಷವಾಗಿ ಕೊಟ್ಟರು),
ತಳಕ್ಕೆ ನಾಲ್ಕು ಸಾರಿ ಕೀಸುಳಿ.
ಬಾಗಿಲು ಎದ್ದಿತು, ಕೂತು ಮರಗಟ್ಟಿದ ಕಾಲನ್ನು
ಮೆಲ್ಲಗೆ ಊರಿ ಏಳುವವರ ಹಾಗೆ.
ಕೆಂಪು ಚುಕ್ಕೆ ಬಂದು ನಿಂತದ್ದು
ತೂತಿನ ಅಂಚಿಗೆ; ಉಳಿದಷ್ಟನ್ನು ಅರದಲ್ಲಿ ಉಜ್ಜಿದೆ.

ಒಬ್ಬರು ಹಾಕಿ ನೋಡಿ, ಅಂದೆ.
ಸೀಸೆ ಕೊಟ್ಟವಳಿಗೇ ಹಕ್ಕು ಅಂತ ತೀರ್ಮಾನವಾಯಿತು.
ಸೋನಿಬಾಯಿ ಒಳಗೆ ಹೋದಳು.

ಟಕ್.

ಹೊರಗೆ, ಅಭ್ಯಾಸಬಲ,
ಇಬ್ಬರು ಆಗಲೇ ಬೆನ್ನು ಕೊಟ್ಟು ನಿಂತಿದ್ದರು.
ಆಮೇಲೆ ಒಬ್ಬಳು ಸರಿದಳು,
ಇನ್ನೊಬ್ಬಳೂ, ಕೈ ಎಲ್ಲಿಡಬೇಕೋ ತಿಳಿಯದೆ.
ಒಳಗೆ ನಲ್ಲಿಯ ಸದ್ದಿಲ್ಲ, ಚೊಂಬಿನ ಸದ್ದಿಲ್ಲ.
ಆಯ್ತಲ್ಲ, ಬಾರೇ ಆಚೆ, ಅಂದರು ಮೇಡಮ್ಮು.
ತುಸು ಹೊತ್ತು ಬಿಟ್ಟು ಬಂತು ದನಿ:
'ಇರಿ ಮೇಡಂ.'

ನಾನು ಗುಂಡಿಗೆ ದಾರ ಸುತ್ತತೊಡಗಿದೆ, ನಿಧಾನವಾಗಿ.
ಇನ್ನೂ ನಾಲ್ಕು ಬಾಗಿಲು ಬಾಕಿ ಇದ್ದವು.